ಹೊಸ್ತಿಲು ದಾಟದ ಲಿನಕ್ಸ್

ನನಗೆ ಲಿನಕ್ಸ್ ಗೊತ್ತು ಎಂದು ನಾನು ಹೇಳಿದ್ದು ನನ್ನ ಷಡ್ಡಕನ ಎದುರಿಗೆ. ಬೇರೆ ಯಾರ ಎದುರಿಗೆ ಹೇಳಿದ್ದರೂ ಆ ಮಾತು ಅಲ್ಲೇ ಬಿದ್ದುಹೋಗುತ್ತಿತ್ತು. ಹೆಂಡತಿಯ ಅಕ್ಕನ ಗಂಡನ ಎದುರು ಆಡಿದ ಮಾತು ಹಾಗೆಲ್ಲ ಬಿದ್ದುಹೋಗುವುದಿಲ್ಲ. ಅವನು ಅದನ್ನು ಜೋಪಾನವಾಗಿ ಎತ್ತಿಟ್ಟುಕೊಂಡು, ನಾವು ಮರೆತು ಹಾಯಾಗಿರುವಾಗ ನಾಲ್ಕು ಜನರ ಮುಂದೆ ತೆಗೆದು ತೋರಿಸುತ್ತಾನೆ.

ನಡೆದದ್ದು ಇಷ್ಟು. ನಮ್ಮ ಜೊತೆಗೇ ಇರುವ ನನ್ನ ಮಾವನವರ ಕಂಪ್ಯೂಟರ್ ಒಂದು ಬೆಳಿಗ್ಗೆ ಕೈಕೊಟ್ಟಿತು. ಗುಂಡಿ ಒತ್ತಿದರೆ ಗುರ್ ಅನ್ನುತ್ತಿತ್ತು, ದೀಪ ಹೊತ್ತಿಕೊಳ್ಳುತ್ತಿತ್ತು, ಆಮೇಲೆ ಕಪ್ಪು ಪರದೆಯ ಮೇಲೆ ‘ಶುರು ಮಾಡಲು ಏನೂ ಸಿಗುತ್ತಿಲ್ಲ, ಸರಿಯಾದ ಡಿಸ್ಕ್ ಹಾಕಿ’ ಎಂಬರ್ಥದ ಬಿಳಿ ಅಕ್ಷರಗಳನ್ನು ಮೂಡಿಸಿ ಸುಮ್ಮನಾಗುತ್ತಿತ್ತು. ಬೇರೆಯವರ ಕಂಪ್ಯೂಟರ್ ಹೀಗಾದರೆ ಹೊಸದು ತಂದು ಹಳೆಯದನ್ನು ಮಂಚದ ಕೆಳಗೆ ತಳ್ಳುತ್ತಾರೆ. ಮಾವನವರದ್ದನ್ನು ಹಾಗೆ ತಳ್ಳುವಂತಿರಲಿಲ್ಲ. ಅದರೊಳಗೆ ನಮ್ಮ ಅತ್ತೆ ಇದ್ದರು.

ಅತ್ತೆ ತೀರಿಕೊಂಡು ವರ್ಷದ ಮೇಲಾಗಿದೆ. ಅವರು ಟೈಪಿಂಗ್ ಶಾಲೆ ನಡೆಸಿದವರು. ಕೋಣೆ ತುಂಬ ಯಂತ್ರಗಳು ಕಟಕಟ ಅನ್ನುತ್ತಿದ್ದರೂ ಕೊನೆಯ ಬೆಂಚಿನವಳ ಕಿರುಬೆರಳು ತಪ್ಪು ಜಾಗಕ್ಕೆ ಹೋದದ್ದನ್ನು ಮುಂದೆ ನಿಂತೇ ಅವಳಿಗೆ ಕೇಳಿಸುವಂತೆ ಹೇಳುತ್ತಿದ್ದ ದನಿ ಅವರದು. ಆಸ್ಪತ್ರೆಗೆ ಸೇರುವ ಮುಂಚೆ, ತಾನಿಲ್ಲದಾಗ ಈ ಮನುಷ್ಯ ಮನೆಯಲ್ಲಿ ಏನೇನು ಎಡವಟ್ಟು ಮಾಡಬಹುದು ಎಂದು ಕೂತು ಯೋಚಿಸಿ, ಅದಕ್ಕೆಲ್ಲ ಸೂಚನೆಗಳನ್ನು ಗಂಡನ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದರು. ಬಟ್ಟೆ ಒಗೆಯುವ ಮೆಷಿನ್ನಿನ ಯಾವ ಗುಂಡಿ ತಿರುಗಿಸಬೇಕು, ಯಾವುದನ್ನು ಜಪ್ಪಯ್ಯ ಅಂದರೂ ಮುಟ್ಟಬಾರದು, ಕುಂಡಗಳಿಗೆ ಎಷ್ಟು ನೀರು, ಹೊರಗಿನಿಂದ ತಂದದ್ದನ್ನು ಏನು ಮಾಡಬೇಕು, ಹೀಗೆ. ಮಾವ ದಿನಾ ಬೆಳಿಗ್ಗೆ ಅದನ್ನು ಹಾಕಿಕೊಂಡು, ‘ಆಯ್ತು ಕಣೇ’, ‘ಗೊತ್ತು ಕಣೇ’ ಎಂದು ಒಂದೊಂದಕ್ಕೂ ಉತ್ತರ ಕೊಡುತ್ತ ಕೆಲಸ ಮುಗಿಸುತ್ತಿದ್ದರು. ಎಲ್ಲಕ್ಕೂ ಕೊನೆಗೆ ಬರುತ್ತಿದ್ದ ಸೂಚನೆ: ಒರೆಸಿದ್ದು ಸಾಕು, ಬಟ್ಟೆ ಕೆಳಗಿಟ್ಟು ಕೂತ್ಕೊಳ್ಳಿ. ಅದನ್ನು ಕೇಳಿದ ಮೇಲೆ ಮಾವ ಕೂತು ಪೇಪರ್ ಬಿಡಿಸುತ್ತಿದ್ದರು.

ಆ ಕೊನೆಯ ಸೂಚನೆಯ ಬೆಲೆ ನಮಗೆ ಗೊತ್ತಾದದ್ದು ಕಂಪ್ಯೂಟರ್ ಕೆಟ್ಟ ಮೇಲೆ. ಮಾವ ನೌಕರಿ ಮಾಡಿದ್ದು ದೊಡ್ಡ ಆಸ್ಪತ್ರೆಯಲ್ಲಿ, ಆಪರೇಷನ್ನಿನ ಕತ್ತರಿ ಚಿಮಟಗಳನ್ನು ತೊಳೆದು ಕುದಿಸಿ ಇಡುವ ವಿಭಾಗದಲ್ಲಿ. ಅವರ ಕೈ ಸುಮ್ಮನಿರುವ ಕೈಯಲ್ಲ. ಈಗ ಸಾಕು ಎನ್ನುವವರು ಇಲ್ಲವಾದ್ದರಿಂದ ಅವರು ಒರೆಸುತ್ತಲೇ ಹೋದರು. ಬಾಗಿಲ ಪಕ್ಕ ಒಂದು ಸ್ಟೀಲ್ ಟ್ರೇ ಬಂತು. ಹೊರಗಿನಿಂದ ಬಂದವರು ಕೀಲಿ, ಕನ್ನಡಕ, ಫೋನು, ಊಟದ ಡಬ್ಬಿ, ಜೇಬಿನಲ್ಲಿದ್ದ ಸಕಲ ಸಾಮಾನನ್ನೂ ಅದರಲ್ಲಿಟ್ಟು ನೇರ ಬಚ್ಚಲಿಗೆ ಹೋಗಿ, ಮೊಣಕೈವರೆಗೆ ಸೋಪು ಹಚ್ಚಿ, ಬೆರಳ ಸಂದಿ, ಉಗುರಿನ ಬುಡ ಎಲ್ಲ ತಿಕ್ಕಿಕೊಂಡು ಬರಬೇಕು. ಅಷ್ಟರಲ್ಲಿ ಮಾವ ಟ್ರೇಯಲ್ಲಿದ್ದದ್ದನ್ನೆಲ್ಲ ಒರೆಸಿ ಸಾಲಾಗಿ ಜೋಡಿಸಿರುತ್ತಿದ್ದರು. ಈ ನಿಯಮಕ್ಕೆ ಅಳಿಯನೂ ಒಂದೇ, ಕೊರಿಯರಿನವನೂ ಒಂದೇ. ನೆಲ ಎಷ್ಟು ನುಣ್ಣಗಾಗಿತ್ತೆಂದರೆ ನಮ್ಮ ಮನೆಯಲ್ಲಿ ನಾವೇ ಗೋಡೆ ಹಿಡಿದು ಓಡಾಡುತ್ತಿದ್ದೆವು.

ಹೀಗಿರುವಾಗ ಷಡ್ಡಕ ಬಂದ. ಕೈ ತೊಳೆದು, ಕನ್ನಡಕ ವಾಪಸ್ ಪಡೆದು, ತೀರ್ಪು ಕೊಡುವವನ ಹಾಗೆ ಕುರ್ಚಿಯಲ್ಲಿ ಕೂತ. ದಿನಾ ಆ ದನಿ ಕೇಳುತ್ತಾ ಕೂತರೆ ಮಾವ ದುಃಖದಿಂದ ಹೊರಗೆ ಬರುವುದು ಯಾವಾಗ, ಕೆಟ್ಟದ್ದೇ ಒಳ್ಳೆಯದಾಯಿತು ಎಂದ. ಅವನಿಗೆ ಒಬ್ಬ ರಿಪೇರಿಯವನು ಗೊತ್ತಂತೆ, ಭಾನುವಾರ ಕರೆದುಕೊಂಡು ಬರುತ್ತಾನಂತೆ, ಒಳಗಿದ್ದದ್ದನ್ನೆಲ್ಲ ಅಳಿಸಿ ಹೊಸದು ಹಾಕಿಸಿದರೆ ಮಾವ ಅದರಲ್ಲಿ ಚದುರಂಗ ಆಡಿಕೊಂಡಿರಬಹುದಂತೆ. ನನ್ನ ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು. ಮಾವ ಆಗಲೇ ಒರೆಸಿದ್ದ ಚಮಚವನ್ನು ಮತ್ತೆ ಒರೆಸಿದರು.

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದಾಗ ನನ್ನ ಬಾಯಿ ನನ್ನನ್ನು ಕೇಳುವುದಿಲ್ಲ.

‘ಅಳಿಸೋ ಅಗತ್ಯವೇ ಇಲ್ಲ,’ ಅಂದೆ. ‘ನನಗೆ ಲಿನಕ್ಸ್ ಗೊತ್ತು.’

ಹೆಂಡತಿ ತಿರುಗಿ ನನ್ನನ್ನು ನೋಡಿದಳು. ಮದುವೆಯಾದಾಗಿನಿಂದ ಅವಳು ನನ್ನನ್ನು ಆ ರೀತಿ ನೋಡಿದ್ದು ಅದೇ ಮೊದಲು, ಹಾಗಾಗಿ ಮಾತು ವಾಪಸ್ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಷಡ್ಡಕ ನಕ್ಕು, ಹಾಗಾದರೆ ಭಾನುವಾರದವರೆಗೆ ಸಮಯವಿದೆ, ಮಾಡಿ ತೋರಿಸಲಿ ಎಂದ.

ಲಿನಕ್ಸ್ ಎಂಬ ಶಬ್ದ ನನಗೆ ಗೊತ್ತಿತ್ತು, ಅದರಲ್ಲಿ ಸುಳ್ಳಿಲ್ಲ. ನಾನು ಬಸ್ ಡಿಪೋದಲ್ಲಿ ಗುಮಾಸ್ತ. ಜನ ಬಸ್ಸಿನಲ್ಲಿ ಬಿಟ್ಟುಹೋದ ಕೊಡೆ, ಟಿಫಿನ್ ಕ್ಯಾರಿಯರ್, ಒಂಟಿ ಚಪ್ಪಲಿ, ಕಟ್ಟಿದ ಹಲ್ಲಿನ ಸೆಟ್ಟು ಇವುಗಳನ್ನು ವಾರಸುದಾರರು ಬರುವವರೆಗೆ ಕಾಯುವುದು ನನ್ನ ಕೆಲಸ. ನನ್ನ ಪಕ್ಕದ ಮೇಜಿನಲ್ಲಿ ಕಂಡಕ್ಟರುಗಳ ಟಿಕೆಟ್ ಮೆಷಿನ್ ರಿಪೇರಿ ಮಾಡುವವನು ಕೂರುತ್ತಾನೆ. ಲಿನಕ್ಸ್ ಅಂದರೆ ಕಂಪ್ಯೂಟರ್ ನಡೆಸುವ ಒಂದು ಪುಕ್ಕಟೆ ತಂತ್ರಾಂಶ, ಅದರ ಗುರುತು ಪೆಂಗ್ವಿನ್ ಹಕ್ಕಿಯಂತೆ. ಆ ಹಕ್ಕಿಯ ಚಿತ್ರವಿರುವ ಅಂಗಿಯನ್ನೇ ವಾರವಿಡೀ ಹಾಕುತ್ತಾನಾದ್ದರಿಂದಲೂ, ನಡೆಯುವಾಗ ಎಡಕ್ಕೂ ಬಲಕ್ಕೂ ಓಲಾಡುತ್ತಾನಾದ್ದರಿಂದಲೂ ಡಿಪೋದಲ್ಲಿ ಅವನಿಗೆ ಪೆಂಗ್ವಿನ್ ಎಂದೇ ಹೆಸರು. ಊಟದ ಹೊತ್ತಿನಲ್ಲಿ ಅವನು ಲಿನಕ್ಸಿನ ಗುಣಗಾನ ಮಾಡುತ್ತಿದ್ದ, ನಾನು ಡಬ್ಬಿ ಖಾಲಿ ಮಾಡುತ್ತ ತಲೆಯಾಡಿಸುತ್ತಿದ್ದೆ. ನನ್ನ ವಿದ್ಯಾಭ್ಯಾಸ ಅಷ್ಟು.

ಸೋಮವಾರ ನಾನು ವಿಷಯ ಹೇಳಿದಾಗ ಪೆಂಗ್ವಿನ್ನನ ಮುಖ ಅರಳಿತು. ಮಾವನವರ ಯಂತ್ರದಲ್ಲಿ ಮುಂಬಾಗಿಲು ಮಾತ್ರ ಜಾಮ್ ಆಗಿದೆ, ಒಳಗಿನ ಸಾಮಾನು ಇದ್ದ ಹಾಗೇ ಇರುತ್ತದೆ, ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಒಂದನ್ನು ಚುಚ್ಚಿ ಅದರಿಂದಲೇ ಕಂಪ್ಯೂಟರ್ ಶುರು ಮಾಡಿದರೆ ಕಿಟಕಿಯಿಂದ ಒಳಗೆ ಇಳಿದ ಹಾಗೆ, ಬೇಕಾದ್ದನ್ನು ಎತ್ತಿಕೊಂಡು ಬರಬಹುದು ಎಂದು ವಿವರಿಸಿದ. ಒಂದು ಪೆನ್‌ಡ್ರೈವ್ ತಯಾರು ಮಾಡಿ, ನನ್ನ ಆಫೀಸಿನ ಕಂಪ್ಯೂಟರಿಗೆ ಚುಚ್ಚಿ ತೋರಿಸಿದ. ಯಾವ ತಕರಾರೂ ಇಲ್ಲದೆ ಪರದೆ ನೀಲಿಯಾಗಿ ಬೆಳಗಿತು. ನಾನು ಎದೆಯುಬ್ಬಿಸಿಕೊಂಡು ಮನೆಗೆ ಬಂದೆ, ಬಾಗಿಲಲ್ಲಿ ಎಲ್ಲವನ್ನೂ ಟ್ರೇಗೆ ಹಾಕಿದೆ, ಕೈ ತೊಳೆದುಕೊಂಡು ಬಂದೆ, ಫಳಫಳ ಹೊಳೆಯುತ್ತಿದ್ದ ಪೆನ್‌ಡ್ರೈವನ್ನು ಮಾವನವರ ಕಂಪ್ಯೂಟರಿಗೆ ಚುಚ್ಚಿದೆ. ಹೆಂಡತಿ ಒಂದು ಪಕ್ಕ, ಮಾವ ಇನ್ನೊಂದು ಪಕ್ಕ. ‘ಸರಿಯಾದ ಡಿಸ್ಕ್ ಹಾಕಿ’ ಎಂದು ಕಂಪ್ಯೂಟರ್ ಅವರಿಬ್ಬರ ಎದುರೇ ನನಗೆ ಹೇಳಿತು.

ಮಾರನೇ ದಿನ ಅದೇ ಪೆನ್‌ಡ್ರೈವನ್ನು ಡಿಪೋದಲ್ಲಿ ನೋಡಿದರೆ ಅದರಲ್ಲಿ ಏನೂ ಇರಲಿಲ್ಲ, ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿ. ಪೆಂಗ್ವಿನ್ ಬೇಜಾರಿಲ್ಲದೆ ಮತ್ತೆ ತುಂಬಿದ. ಡಿಪೋದಲ್ಲಿ ಓಡಿತು, ಮನೆಯಲ್ಲಿ ಇಲ್ಲ. ಬುಧವಾರ ಬೇರೆ ಕಂಪನಿಯ ಹೊಸ ಪೆನ್‌ಡ್ರೈವ್. ಡಿಪೋದಲ್ಲಿ ಓಡಿತು, ಮನೆಯಲ್ಲಿ ಇಲ್ಲ. ಕಂಪ್ಯೂಟರನ್ನೇ ಡಿಪೋಗೆ ಹೊತ್ತುಕೊಂಡು ಹೋಗುತ್ತೇನೆ ಎಂದು ನಾನು ತಂತಿ ಕಳಚಲು ಬಗ್ಗಿದೆ. ಮಾವ ಅದರ ಮೇಲೆ ಕೈಯಿಟ್ಟರು.

‘ಬೇಡ ಅಳಿಯಂದ್ರೇ. ಸರಿಹೋಗುತ್ತೆ ಅಂತ ಒಂದ್ಸಲ ಅವಳನ್ನ ಈ ಮನೆಯಿಂದ ಹೊರಗೆ ಕರ್ಕೊಂಡು ಹೋದ್ವಿ. ವಾಪಸ್ ಬರ್ಲಿಲ್ಲ. ಮಾಡೋದೇನಿದ್ರೂ ಇಲ್ಲೇ ಮಾಡಿ.’

ನಾನು ತಂತಿಯನ್ನು ಇದ್ದಲ್ಲೇ ಬಿಟ್ಟೆ. ಭಾನುವಾರ ಆ ರಿಪೇರಿಯವನು ಬಂದು ಈ ಪೆಟ್ಟಿಗೆಯ ಮುಂದೆ ಕೂತರೆ ಮಾವ ಎಲ್ಲಿ ನಿಂತುಕೊಳ್ಳುತ್ತಾರೆ ಎಂದು ಯೋಚನೆ ಬಂತು, ಅದನ್ನು ಮುಂದುವರಿಸಲು ಧೈರ್ಯವಾಗಲಿಲ್ಲ.

ಗುರುವಾರದ ಹೊತ್ತಿಗೆ ವಿಷಯ ಡಿಪೋದ ಆಸ್ತಿಯಾಗಿತ್ತು. ಮ್ಯಾನೇಜರ್ ಸಾಹೇಬರು ನನ್ನ ಮೇಜಿನ ಹತ್ತಿರ ಬಂದು, ಪರದೆಯ ಮೇಲಿನ ನೀಲಿಯನ್ನು ನೋಡಿ, ಇದೇನು ಸರ್ಕಾರಿ ಕಂಪ್ಯೂಟರಿನಲ್ಲಿ ಸಮುದ್ರ ಎಂದು ಕೇಳಿದರು. ಹೇಳಿದೆ. ಅವರು ಗಲ್ಲ ಕೆರೆದುಕೊಂಡು, ‘ನೀನು ಮನೇಲಿ ಮಾತ್ರ ಕೆಲಸ ಮಾಡೋನು, ಇದು ಆಫೀಸಲ್ಲಿ ಮಾತ್ರ ಕೆಲಸ ಮಾಡುತ್ತೆ. ಇದನ್ನ ಇಲ್ಲಿಟ್ಟು ನಿನ್ನನ್ನ ಮನೆಗೆ ಕಳಿಸಿದ್ರೆ ಡಿಪೋ ಉದ್ಧಾರ ಆಗುತ್ತೆ,’ ಎಂದರು. ಎಲ್ಲರೂ ನಕ್ಕರು. ಮೇಲಧಿಕಾರಿಯ ಹಾಸ್ಯಕ್ಕೆ ನಗದಿರುವಷ್ಟು ಹುಂಬ ನಾನಲ್ಲ, ನಾನೂ ನಕ್ಕೆ.

ಆದರೆ ಸಾಹೇಬರು ಅಷ್ಟಕ್ಕೇ ಬಿಡಲಿಲ್ಲ. ಅವರ ತಲೆ ಸಾರಿಗೆಯ ತಲೆ. ಇಲ್ಲಿ ಹೊರಡುವಾಗ ಸರಿಯಿದೆ, ಅಲ್ಲಿ ಇಳಿದಾಗ ಕೆಟ್ಟಿದೆ ಅಂದ ಮೇಲೆ ಸರಕು ಕೆಟ್ಟಿರುವುದು ದಾರಿಯಲ್ಲೇ ಎಂದು ಅಪ್ಪಣೆ ಕೊಡಿಸಿದರು. ಡಿಪೋದವರಿಗೆ ಈ ಮಾತು ಎಷ್ಟು ಸರಿಯೆನಿಸಿತೆಂದರೆ ಯಾರೂ ಎದುರು ಹೇಳಲಿಲ್ಲ. ಬಸ್ಸಿನ ಇಂಜಿನ್ನಿನಿಂದ ಏನೋ ಅಲೆಗಳು ಹೊರಡುತ್ತವೆ ಎಂದು ಮೆಕ್ಯಾನಿಕ್ ಹೇಳಿದ. ನನ್ನನ್ನು ಕೊನೆಯ ಸೀಟಿನಲ್ಲಿ ಕೂರಿಸಬೇಕು, ಪೆನ್‌ಡ್ರೈವಿಗೆ ಊಟ ಕಟ್ಟುವ ಬೆಳ್ಳಿ ಹಾಳೆ ಸುತ್ತಬೇಕು, ಉಬ್ಬುಗಳಲ್ಲಿ ನಿಧಾನ ಹೋಗಬೇಕು ಎಂದು ಡ್ರೈವರನಿಗೆ ತಾಕೀತಾಯಿತು. ಅಂದು ಸಂಜೆ ಬಸ್ಸು ಹೊರಟ ರೀತಿ ನೋಡಿ ಜನ ಒಳಗೆ ಬಾಣಂತಿ ಇದ್ದಾಳೆಂದೇ ತಿಳಿದರು. ಒಬ್ಬ ಹಿರಿಯರು ಎದ್ದು ಹಿಂದೆ ಬಂದು, ಹೇಗಿದ್ದಾರೆ ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಚೆನ್ನಾಗಿದೆ, ನಿದ್ದೆ ಮಾಡುತ್ತಿದೆ ಎಂದೆ.

ಮನೆಯ ಬಾಗಿಲಲ್ಲಿ ಅದನ್ನು ಹಾಳೆಯ ಸಮೇತ ಟ್ರೇಯಲ್ಲಿಟ್ಟೆ. ಕೈ ತೊಳೆದು ಬಂದಾಗ ಪೆನ್‌ಡ್ರೈವ್ ಒಂದು ಕಡೆ, ಹಾಳೆ ಒರೆಸಿ ನಾಲ್ಕು ಮಡಿಕೆ ಮಾಡಿ ಇನ್ನೊಂದು ಕಡೆ. ಕಂಪ್ಯೂಟರ್ ಮಾತ್ರ ಹಳೆಯ ಮಾತನ್ನೇ ಹೇಳಿತು. ಫೋನಿನಲ್ಲಿ ಷಡ್ಡಕ ವಿಚಾರಿಸಿದ. ರಿಪೇರಿಯವನನ್ನು ಭಾನುವಾರ ಬೆಳಿಗ್ಗೆ ಎಷ್ಟು ಹೊತ್ತಿಗೆ ಕರೆತರಲಿ ಎಂಬುದಷ್ಟೇ ಅವನ ಪ್ರಶ್ನೆಯಾಗಿತ್ತು.

ನಮ್ಮ ಮನೆ ಇರುವುದು ಮಹಡಿಯ ಮೇಲೆ. ಕೆಳಗೆ ಜೆರಾಕ್ಸ್ ಅಂಗಡಿ. ಅಂಗಡಿಯ ಅಕ್ಕ ಪ್ರತಿ ಮಾಡಲು ಬಂದ ಪ್ರತಿಯೊಂದು ಕಾಗದವನ್ನೂ ಓದುತ್ತಾರಾದ್ದರಿಂದ ಬೀದಿಯಲ್ಲಿ ಯಾರ ಮನೆ ಯಾರ ಹೆಸರಿಗೆ ಆಯಿತು, ಯಾರ ಹೊಟ್ಟೆಯಲ್ಲಿ ಎಷ್ಟು ದಪ್ಪದ ಕಲ್ಲಿದೆ ಎಲ್ಲ ಅವರಿಗೆ ಗೊತ್ತು. ಶುಕ್ರವಾರ ಅವರು ನನ್ನನ್ನು ತಡೆದು, ಬಸ್ಸಿನಲ್ಲಿ ಕೆಟ್ಟಿದ್ದರೆ ಇಲ್ಲೇ ಗೊತ್ತಾಗುತ್ತದಲ್ಲ, ನನ್ನ ಕಂಪ್ಯೂಟರಿಗೇ ಹಾಕಿ ನೋಡಿ ಎಂದರು. ಇಂಥ ಸರಳ ಉಪಾಯ ಇಡೀ ಸಾರಿಗೆ ಇಲಾಖೆಗೆ ಹೊಳೆದಿರಲಿಲ್ಲ. ಹಾಕಿದೆವು. ಸಾಲಿನಲ್ಲಿ ನಿಂತ ಗಿರಾಕಿಗಳೆಲ್ಲರ ಎದುರು ಅಂಗಡಿಯ ಪರದೆಯ ಮೇಲೆ ನೀಲಿ ಸಮುದ್ರ ತೆರೆದುಕೊಂಡಿತು.

ಬಸ್ಸು ನಿರ್ದೋಷಿ ಎಂದು ಸಾಬೀತಾಯಿತು. ನಾನು ಓಡಿ ಮೆಟ್ಟಿಲು ಹತ್ತಿದೆ, ಟ್ರೇಗೆ ಹಾಕಿದೆ, ಸೋಪು ಹಚ್ಚಿ ತಿಕ್ಕಿದೆ, ಬಂದು ಚುಚ್ಚಿದೆ. ‘ಸರಿಯಾದ ಡಿಸ್ಕ್ ಹಾಕಿ.’

ಕೆಳಗೆ ಬದುಕಿದ್ದದ್ದು ಮೇಲೆ ಬರುವಷ್ಟರಲ್ಲಿ ಸತ್ತಿದೆ ಎಂದರೆ ಅಪರಾಧಿ ಮೆಟ್ಟಿಲೇ. ಜೆರಾಕ್ಸ್ ಅಕ್ಕ ಅಂಗಡಿಗೆ ಬಾಗಿಲೆಳೆದು ಖುದ್ದಾಗಿ ಬಂದು ಮೆಟ್ಟಿಲನ್ನು ಪರೀಕ್ಷಿಸಿದರು. ತಿರುವಿನಲ್ಲಿ ಇಡೀ ಕಟ್ಟಡದ ಕರೆಂಟ್ ಮೀಟರುಗಳ ಹಲಗೆಯಿತ್ತು. ಇದೇ ಕಳ್ಳ ಎಂದು ಅವರು ಬೆರಳು ತೋರಿಸಿದರು. ಫೋನಿನಲ್ಲಿ ಪೆಂಗ್ವಿನ್ ಕೂಡ ಆಗಿದ್ದರೂ ಆಗಿರಬಹುದು ಎಂದ. ಪೆನ್‌ಡ್ರೈವನ್ನು ಅವರ ಅಂಗಡಿಯಲ್ಲೇ ಮತ್ತೆ ತುಂಬಿಕೊಂಡು, ನಾನು ಎದುರು ಗೋಡೆಗೆ ಬೆನ್ನು ಒತ್ತಿ, ಕೈಯನ್ನು ಆದಷ್ಟೂ ಮೇಲೆತ್ತಿ, ಅಡ್ಡಡ್ಡಲಾಗಿ ಮೆಟ್ಟಿಲು ಹತ್ತಿದೆ. ಅಕ್ಕ ಮೀಟರಿನ ಹಲಗೆಗೆ ಚಾಪೆ ಅಡ್ಡ ಹಿಡಿದು ನಿಂತರು. ಮೇಲಿನ ಮಹಡಿಯಿಂದ ಇಳಿಯುತ್ತಿದ್ದ ದಂಪತಿಗಳು ಏನೂ ಕೇಳದೆ ವಾಪಸ್ ಹತ್ತಿಹೋದರು. ಅಷ್ಟೆಲ್ಲ ಜತನದಿಂದ ತಂದದ್ದನ್ನು ನಾನು ಟ್ರೇಯಲ್ಲಿಟ್ಟು ಕೈ ತೊಳೆಯಲು ಹೋದೆ. ಫಲಿತಾಂಶ ಬೇರೆ ಹೇಳಬೇಕಾಗಿಲ್ಲ.

ಅಂದು ನನ್ನ ಹೆಂಡತಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಹೋಗ್ಲಿ ಬಿಡಿ. ನೀವು ಕೈಲಾದಷ್ಟು ಮಾಡಿದ್ರಿ,’ ಅಂದಳು. ನನಗೆ ಅಳು ಬರುವ ಹಾಗಾಯಿತು.

ಶನಿವಾರ ಮಧ್ಯಾಹ್ನ ಡಿಪೋದಿಂದ ಹೊಸದಾಗಿ ತುಂಬಿಸಿಕೊಂಡು ಬಂದೆ. ಯಾಕೆ ತಂದೆ ಎಂದು ನನಗೇ ಗೊತ್ತಿರಲಿಲ್ಲ, ತರದಿದ್ದರೆ ಸೋತ ಹಾಗೆ ಅನ್ನಿಸಿತು. ಟ್ರೇಗೆ ಹಾಕಿ ಬಚ್ಚಲಿಗೆ ಹೋದೆ. ಸೋಪನ್ನೆಲ್ಲ ಮೊಣಕೈವರೆಗೆ ಹಚ್ಚಿಕೊಂಡು ನಲ್ಲಿ ತಿರುಗಿಸಿದರೆ ನೀರಿಲ್ಲ. ಟ್ಯಾಂಕ್ ಖಾಲಿ. ಎರಡೂ ಕೈ ಮೇಲೆತ್ತಿಕೊಂಡು, ನೊರೆ ಸುರಿಸುತ್ತ, ಯಾರಾದರೂ ಮೋಟಾರ್ ಹಾಕುತ್ತಾರೇನೋ ಎಂದು ಹಾಲ್‌ಗೆ ಬಂದೆ.

ಊಟದ ಮೇಜಿನ ಮೇಲೆ ನನ್ನ ಹೆಂಡತಿಗೆ ಅವಳ ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ತೆರೆದಿತ್ತು. ಮಾವ ಅದರ ಮುಂದೆ ಕನ್ನಡಕ ಏರಿಸಿ ಕೂತಿದ್ದರು. ನನ್ನ ಪೆನ್‌ಡ್ರೈವ್ ಅದರ ಪಕ್ಕೆಯಲ್ಲಿತ್ತು. ಪರದೆಯ ಮೇಲೆ ಒಂದು ಚೌಕ ತೆರೆದು, ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಕೇಳುತ್ತಿತ್ತು. ಮಾವ ಅದನ್ನು ಒಂದೊಂದೇ ಪದ ಬಿಡಿಸಿ ಗಟ್ಟಿಯಾಗಿ ಓದಿದರು. ಆಮೇಲೆ ಬಹಳ ಸಮಾಧಾನದಿಂದ, ‘ಮಾಡಪ್ಪ,’ ಎಂದು ಗುಂಡಿ ಒತ್ತಿದರು.

ಪೆಂಗ್ವಿನ್ ಆಮೇಲೆ ನನಗೆ ಬಿಡಿಸಿ ಹೇಳಿದ. ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಬೇರೆ ಥರದ ಕಂಪ್ಯೂಟರಿಗೆ ಅರ್ಥವಾಗುವುದಿಲ್ಲವಂತೆ. ಅರ್ಥವಾಗದ್ದನ್ನು ಅದು ಹಾಳಾದದ್ದು ಎಂದು ತಿಳಿದು, ಎಲ್ಲ ಅಳಿಸಿ ಹೊಸದಾಗಿ ಮಾಡಿಕೊಡಲೇ ಎಂದು ಕೇಳುತ್ತದಂತೆ. ಯಾರಾದರೂ ಹೂಂ ಅಂದರೆ ಮುಗಿಯಿತು, ಒಂದು ಚಿಟಿಕೆ ಹೊಡೆಯುವಷ್ಟರಲ್ಲಿ ಖಾಲಿ. ನಾನು ವಾರವಿಡೀ ಬಸ್ಸು, ಇಂಜಿನ್, ಮೀಟರು ಎಂದು ಊರೆಲ್ಲ ಹುಡುಕಿದ್ದೆ. ಕೆಟ್ಟದ್ದು ನಾನು ಉಗುರಿನ ಬುಡ ತಿಕ್ಕುತ್ತಿದ್ದಾಗ, ನನ್ನ ಊಟದ ಮೇಜಿನ ಮೇಲೆ.

ನಾನು ಬಾಯಿ ತೆರೆದೆ. ಆಗ ಮಾವ ತಿರುಗಿ ನನ್ನನ್ನು ನೋಡಿ ಮುಗುಳ್ನಕ್ಕರು.

‘ನಿಮ್ಮತ್ತೆ ಹೇಳಿದಾಳೆ ಅಳಿಯಂದ್ರೇ. ಹೊರಗಿಂದ ಬಂದ ಪೆನ್‌ಡ್ರೈವ್ ಹಾಗೇ ಚುಚ್ಚಬೇಡಿ, ಮೊದಲು ಬೇರೆ ಕಡೆ ಹಾಕಿ ನೋಡಿ, ಕ್ಲೀನ್ ಮಾಡಿ ಅಂತ. ನಾನು ಅದೊಂದನ್ನೂ ತಪ್ಪಿಸಿಲ್ಲ. ಪಾಪ, ಇದು ದಿನಾ ಗಲೀಜಾಗೇ ಬರುತ್ತೆ, ನಾನು ದಿನಾ ಕ್ಲೀನ್ ಮಾಡಿ ಇಡ್ತೀನಿ. ಅವಳ ಯಂತ್ರಕ್ಕೆ ಏನೂ ಆಗಬಾರದಲ್ಲ.’

ಅವರ ಬೆನ್ನ ಹಿಂದೆ ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ಅವಳು ಕೈ ಮುಗಿಯಲಿಲ್ಲ, ಸನ್ನೆ ಮಾಡಲಿಲ್ಲ, ಸುಮ್ಮನೆ ನನ್ನನ್ನೇ ನೋಡಿದಳು. ಹೆಂಡತಿ ಹೇಳಿದ ಮಾತು ಕೇಳಿ ಹೆಂಡತಿಯನ್ನೇ ದೂರ ಮಾಡಿಕೊಂಡಿದ್ದೀರಿ ಎಂದು ಆ ಮುದುಕರಿಗೆ ಯಾವ ಬಾಯಲ್ಲಿ ಹೇಳುವುದು. ವಾರದ ಸಿಟ್ಟನ್ನೆಲ್ಲ ಉಗುಳಿನ ಜೊತೆ ನುಂಗಿದೆ.

‘ತುಂಬಾ ಉಪಕಾರ ಆಯ್ತು ಮಾವ,’ ಅಂದೆ. ನೊರೆ ಮೊಣಕೈಯಿಂದ ನುಣ್ಣನೆಯ ನೆಲಕ್ಕೆ ತೊಟ್ಟಿಕ್ಕಿತು. ಅವರು ಬಟ್ಟೆ ಹಿಡಿದು ಎದ್ದು ಬಂದರು.

ಹೀಗೆ, ನನ್ನದೇ ಮನೆಗೆ ನಾನೇ ಕಳ್ಳಸಾಗಣೆ ಮಾಡಬೇಕಾದ ಪ್ರಸಂಗ ಬಂತು. ಮುಟ್ಟಬೇಡಿ ಎಂದರೆ ಮಾವ ಯಾಕೆ ಅನ್ನುತ್ತಾರೆ, ಯಾಕೆಂದು ಹೇಳಿದರೆ ಎದೆ ಒಡೆದುಕೊಳ್ಳುತ್ತಾರೆ. ಬಾಗಿಲ ಮೂಲಕ ಬಂದದ್ದು ಟ್ರೇಗೆ ಹೋಗಲೇಬೇಕು. ಬಾಗಿಲು ಬಿಟ್ಟರೆ ಉಳಿದದ್ದು ಕಿಟಕಿ. ಮಾವನವರ ಕೋಣೆಯ ಕಿಟಕಿ ಓಣಿಯ ಕಡೆಗಿತ್ತು.

ಭಾನುವಾರ ಬೆಳಿಗ್ಗೆ ಪೆಂಗ್ವಿನ್ ಓಲಾಡುತ್ತ ಬಂದು ಕಿಟಕಿಯ ಕೆಳಗೆ ನಿಂತ. ಜೆರಾಕ್ಸ್ ಅಕ್ಕ ಅಂಗಡಿಯ ಬಾಗಿಲಲ್ಲಿ ಕಾವಲು. ಷಡ್ಡಕ ರಿಪೇರಿಯವನ ಜೊತೆ ಮೆಟ್ಟಿಲು ಹತ್ತಿದ್ದನ್ನು ನೋಡಿ ಅವರು ಕೆಮ್ಮಬೇಕು ಎಂದು ಮಾತಾಗಿತ್ತು. ಅವರು ಎಷ್ಟು ಶ್ರದ್ಧೆಯಿಂದ ಕೆಮ್ಮಿದರೆಂದರೆ ಒಬ್ಬ ಗಿರಾಕಿ ಓಡಿಹೋಗಿ ನೀರು ತಂದುಕೊಟ್ಟ.

ಮುಂಬಾಗಿಲಲ್ಲಿ ಮಾವ ಟ್ರೇ ಹಿಡಿದು ಸಿದ್ಧವಾಗಿದ್ದರು. ಷಡ್ಡಕನಿಗೆ ನಿಯಮ ಗೊತ್ತಿತ್ತು. ರಿಪೇರಿಯವನಿಗೆ ಗೊತ್ತಿರಲಿಲ್ಲ. ಅವನ ಹೆಗಲಲ್ಲಿ ಒಂದು ದೊಡ್ಡ ಚೀಲವಿತ್ತು. ಅದರ ಬಾಯಿ ತೆಗೆದು ನೋಡಿದ ಮಾವನವರ ಮುಖದಲ್ಲಿ ಬಹಳ ದಿನಗಳ ಮೇಲೆ ಬೆಳಕು ಬಂತು. ಸ್ಕ್ರೂಡ್ರೈವರುಗಳು, ಇಕ್ಕಳಗಳು, ಚಿಮಟಗಳು, ಸಣ್ಣ ಸಣ್ಣ ಬ್ರಷ್ಷುಗಳು, ಡಬ್ಬಿ ತುಂಬ ತಿರುಪುಗಳು. ನೌಕರಿಯ ದಿನಗಳೇ ವಾಪಸ್ ಬಂದ ಹಾಗಾಗಿ ಅವರು ನೆಲದ ಮೇಲೆ ಬಿಳಿ ಬಟ್ಟೆ ಹಾಸಿದರು. ಇಬ್ಬರನ್ನೂ ಬಚ್ಚಲಿಗೆ ಅಟ್ಟಿ, ಒಂದೊಂದನ್ನೇ ಕೈಗೆತ್ತಿಕೊಂಡರು. ಕೈ ತೊಳೆದು ಬಂದವರು ದಾಟಿ ಹೋಗಲು ದಾರಿಯಿಲ್ಲದೆ, ಹಾಸಿದ ಉಪಕರಣಗಳ ಆಚೆ ಗೋಡೆಗೆ ಒರಗಿ ನಿಂತರು.

ಒಳಗೆ ನಾನು ಹಗ್ಗದ ತುದಿಗೆ ಬಟ್ಟೆ ಕ್ಲಿಪ್ಪಿನ ಬುಟ್ಟಿ ಕಟ್ಟಿ ಕೆಳಗೆ ಬಿಟ್ಟೆ. ಪೆಂಗ್ವಿನ್ ಪೆನ್‌ಡ್ರೈವ್ ಹಾಕಿದ. ಎಳೆದೆ. ಬುಟ್ಟಿ ಯಾರದೋ ಒಣಗಿದ ಲುಂಗಿಗೆ ಸಿಕ್ಕಿ ಅದನ್ನೂ ಕರೆದುಕೊಂಡೇ ಮೇಲೆ ಬಂತು. ಬಾಗಿಲಲ್ಲಿ ಹೆಂಡತಿ ಕಾವಲು. ಒಂದು ಸಲ ತಿರುವುಮುರುವಾಗಿ ಚುಚ್ಚಿದೆ, ಮತ್ತೆ ತೆಗೆದು ಸರಿಯಾಗಿ ಚುಚ್ಚಿದೆ. ಗುಂಡಿ ಒತ್ತಿದೆ. ಪರದೆ ಕಪ್ಪಾಯಿತು. ಕಪ್ಪಾಗಿಯೇ ಇತ್ತು. ಆಮೇಲೆ ಮಾವನವರ ಕೋಣೆಯಲ್ಲಿ ಮೊದಲ ಸಲ ಆ ನೀಲಿ ಬೆಳಗಿತು.

ಪೆಂಗ್ವಿನ್ ಕಿಟಕಿಯ ಕೆಳಗಿನಿಂದ ಪಿಸುದನಿಯಲ್ಲಿ ಕೂಗುತ್ತ ದಾರಿ ಹೇಳಿದ. ಮೊದಲು ಡಿಸ್ಕ್, ಅದರೊಳಗೆ ಮಾವನವರ ಹೆಸರಿನ ಫೋಲ್ಡರ್, ಅದರೊಳಗೆ ‘ಇವರಿಗೆ’ ಎಂಬ ಇನ್ನೊಂದು ಫೋಲ್ಡರ್. ಎಲ್ಲ ಇದ್ದವು. ನಾನು ಮೊದಲನೆಯದನ್ನು ಒತ್ತಿದೆ. ದನಿ ಹೆಚ್ಚಿಸಿಟ್ಟದ್ದೋ, ಅತ್ತೆಯ ದನಿಯೇ ಹಾಗೋ, ಇಡೀ ಮನೆಗೆ ಕೇಳಿಸಿತು.

‘ಬಟ್ಟೆ ಮೆಷಿನ್ನಿಗೆ ತುರುಕೋಕೆ ಮುಂಚೆ ಜೇಬು ನೋಡಿದ್ರಾ?’

ಹೊರಗೆ ಇಕ್ಕಳ ಕೆಳಗೆ ಬಿದ್ದ ಸದ್ದಾಯಿತು. ಆಮೇಲೆ ಬಾಗಿಲ ಕಡೆಯಿಂದ ಮಾವನವರ ದನಿ.

‘ನೋಡ್ದೆ ಕಣೇ.’

ಅವರು ಕೋಣೆಗೆ ಬಂದರು. ಕೈಯಲ್ಲಿ ಬಟ್ಟೆ ಹಾಗೇ ಇತ್ತು. ಅವರ ಹಿಂದೆ ಷಡ್ಡಕ, ಅವನ ಹಿಂದೆ ರಿಪೇರಿಯವನು, ಮೆಟ್ಟಿಲು ಹತ್ತಿ ಓಡಿಬಂದ ಜೆರಾಕ್ಸ್ ಅಕ್ಕ. ಕುಂಡದ ನೀರಿನ ವಿಷಯ ಬಂತು, ಗ್ಯಾಸ್ ಆರಿಸುವ ವಿಷಯ ಬಂತು. ಮಾವ ಒಂದೊಂದಕ್ಕೂ ಉತ್ತರ ಕೊಟ್ಟರು. ಷಡ್ಡಕ ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದ. ಅದನ್ನು ಮಾವ ಆಗಲೇ ಒರೆಸಿ ಕೊಟ್ಟಿದ್ದರು.

‘ಏನಾಗಿತ್ತು ಅಳಿಯಂದ್ರೇ ಇಷ್ಟು ದಿನ?’ ಎಂದು ಮಾವ ಕೇಳಿದರು.

ಎಲ್ಲರೂ ನನ್ನನ್ನು ನೋಡಿದರು.

‘ತಪ್ಪು ನಂದೇ ಮಾವ.’

‘ನಂಗೊತ್ತಿತ್ತು,’ ಎಂದರು ಮಾವ. ‘ನೀವು ಉಗುರಿನ ಬುಡ ಸರಿಯಾಗಿ ತಿಕ್ಕಲ್ಲ.’

ಹೌದು ಮಾವ ಎಂದೆ. ಇಷ್ಟು ಸುಖವಾಗಿ ನಾನು ಬೈಸಿಕೊಂಡದ್ದು ನೆನಪಿಲ್ಲ.

ಅತ್ತೆಯ ದನಿಯನ್ನು ಇನ್ನೊಂದು ಕಡೆ ನಕಲು ಮಾಡಿಟ್ಟುಕೊಳ್ಳಿ ಎಂದು ಪೆಂಗ್ವಿನ್ ಕೆಳಗಿನಿಂದ ಕೂಗಿದ. ಬೇರೆ ಪೆನ್‌ಡ್ರೈವ್ ಬೇಕಿತ್ತು. ರಿಪೇರಿಯವನು ಟ್ರೇಯಿಂದ ತನ್ನದನ್ನು ತಂದುಕೊಟ್ಟ, ಮಾವನವರ ಕಂಪ್ಯೂಟರನ್ನು ಅಳಿಸಲು ತಂದದ್ದು ಅದೇ. ಚುಚ್ಚಿ ನೋಡಿದರೆ ಅದೂ ಪೂರಾ ಖಾಲಿ. ಅವನ ಮುಖ ಬೆಪ್ಪಾಯಿತು. ಅವನು ಬಾಯಿ ತೆರೆಯುವ ಮುಂಚೆ, ನನಗೆ ಖಾಲಿಯದ್ದೇ ಬೇಕಿತ್ತು ಎಂದು ಹೇಳಿ ಬಾಯಿ ಮುಚ್ಚಿಸಿದೆ. ಹೆಂಡತಿ ಅವನಿಗೂ ಷಡ್ಡಕನಿಗೂ ಕಿವಿಯಲ್ಲಿ ವಿಷಯ ಉಸುರಿದಳು. ಒಳಗೆ ಅತ್ತೆ ಕಿಟಕಿ ಹಾಕುವ ವಿಷಯ ಹೇಳುತ್ತಿದ್ದಂತೆ ಒಂದೊಂದೇ ಫೈಲು ಈ ಕಡೆಗೆ ಬಂತು. ಮುಗಿಯಿತು. ಕಿತ್ತು ಕೈಯಲ್ಲಿ ಹಿಡಿದೆ.

ಮಾವ ಕೈ ಚಾಚಿದರು.

‘ಇಲ್ಲಿ ಕೊಡಿ, ಒರೆಸಿ ಇಡ್ತೀನಿ.’

ಕೋಣೆಯಲ್ಲಿದ್ದವರೆಲ್ಲ ಇದ್ದಲ್ಲೇ ಗೊಂಬೆಗಳಾದರು. ಕೊಡದಿದ್ದರೆ ಕಾರಣ ಹೇಳಬೇಕು, ಕೊಟ್ಟರೆ ಕಾರಣವೇ ಉಳಿಯುವುದಿಲ್ಲ. ಪೆನ್‌ಡ್ರೈವ್ ನನ್ನ ಕೈಯಲ್ಲಿ ಬೆವರಿತು. ಹೆಂಡತಿ ಅಪ್ಪಾ ಎಂದು ಶುರುಮಾಡಿ ಅಲ್ಲೇ ನಿಂತಳು. ಷಡ್ಡಕ, ಜೀವನದಲ್ಲಿ ಮೊದಲ ಸಲ, ಸಲಹೆ ಕೇಳುವವನ ಹಾಗೆ ನನ್ನ ಮುಖ ನೋಡಿದ. ಮಾವನವರ ಕೈ ಚಾಚಿದಂತೆಯೇ ಇತ್ತು.

ಕಂಪ್ಯೂಟರಿನಲ್ಲಿ ಕಿಟಕಿಯ ವಿಷಯ ಮುಗಿಯಿತು. ಕೊನೆಯ ಫೈಲಿಗೆ ತಾನಾಗಿಯೇ ಬಂತು.

‘ರೀ. ಒರೆಸಿದ್ದು ಸಾಕು. ಬಟ್ಟೆ ಕೆಳಗಿಡಿ. ಕೂತ್ಕೊಳ್ಳಿ ಈಗ.’

ಮಾವ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟರು. ‘ಆಯ್ತು ಕಣೇ,’ ಎಂದು ಕುರ್ಚಿ ಎಳೆದು ಕೂತರು. ಪೇಪರ್ ಎಲ್ಲಿ ಎಂದು ಮಗಳನ್ನು ಕೇಳಿದರು.